ದೊಡ್ಡಗಾಡಿಯ ಹಲ್ಲು

ನಮ್ಮೂರ ಬಂಡೆಯನ್ನು ಜೀವವಿದ್ದದ್ದು ಯಾವುದೂ ಹತ್ತಿ ಮುಗಿಸಿಲ್ಲ. ಕಾಲಿಟ್ಟರೆ ಅದು ಉದ್ದವಾಗುತ್ತ ಹೋಗುತ್ತದೆ. ಬೆಳಿಗ್ಗೆ ಹೊರಟವರು ಮಧ್ಯಾಹ್ನದ ತನಕ ನಡೆದರೂ ಮೇಲಿನ ಅಂಚು ಅಷ್ಟೇ ದೂರದಲ್ಲಿರುತ್ತದೆ. ತಿರುಗಿ ನಿಂತರೆ ಮಾತ್ರ ನಾಲ್ಕು ಹೆಜ್ಜೆಗೆ ಬುಡಕ್ಕೆ ಬಂದುಬಿಡುತ್ತಾರೆ. ಹೊಸದಾಗಿ ಊರಿಗೆ ತಂದ ಆಡು ಒಂದೆರಡು ದಿನ ಪ್ರಯತ್ನಪಟ್ಟು, ಆಮೇಲೆ ಬೇಲಿ ಮೇಯಲು ಹೋಗುತ್ತದೆ. ಬಂಡೆಯ ಮೇಲ್ಗಡೆ ನಲವತ್ತೊಂದು ಮನೆಗಳಿವೆ. ಅದನ್ನು ನಾವು ಮ್ಯಾಲಿನೋಣಿ ಅನ್ನುತ್ತೇವೆ. ಅದರ ಉಳಿದ ಮೂರು ಕಡೆಯೂ ಗೋಡೆ ಕಟ್ಟಿದ ಹಾಗೆ ಕಡಿದಾಗಿದೆ. ಅಲ್ಲಿಯವರ ಜೊತೆ ಫೋನಿನಲ್ಲಿ ಮಾತಾಡುತ್ತೇವೆ, ಅಡುಗೆ ಏನೆಂದು ಕೇಳುತ್ತೇವೆ, ಜಗಳವನ್ನೂ ಆಡುತ್ತೇವೆ. ಒಬ್ಬರ ಮನೆಗೆ ಒಬ್ಬರು ಹೋಗಿಲ್ಲ, ಅಷ್ಟೇ.

ಜೀವವಿಲ್ಲದ್ದನ್ನು ಬಂಡೆ ಏನೂ ಮಾಡುವುದಿಲ್ಲ. ಹಿಂದೆ ಸಾಮಾನನ್ನು ಕವಣೆಯಲ್ಲಿ ಬೀಸಿ ಕಳಿಸುತ್ತಿದ್ದರಂತೆ. ಆ ಕಾಲದಲ್ಲಿ ಮೇಲೆ ಕಳಿಸಿದ ಬಳೆ ಒಂದೂ ಬಳೆಯಾಗಿ ಮುಟ್ಟಿದ್ದಿಲ್ಲ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ನಾನು ದುಡಿಯುವ ಹೊತ್ತಿಗೆ ರಿಮೋಟಿನ ಗಾಡಿಗಳು ಬಂದಿದ್ದವು. ಮೆತ್ತನೆಯ ದಪ್ಪ ಟಯರಿನ ನಾಲ್ಕು ಚಕ್ರ, ನಾಲ್ಕಕ್ಕೂ ಮೋಟರಿನ ಬಲ. ಕಲ್ಲಿನಿಂದ ಕಲ್ಲಿಗೆ ಮೈ ತಿರುಚುತ್ತ, ಗೋಡೆ ಹಿಡಿದ ಹಲ್ಲಿಯ ಹಾಗೆ ಏರುತ್ತವೆ. ಅದಕ್ಕೇ ಅವುಗಳಿಗೆ ಹಲ್ಲಿಗಾಡಿ ಎಂದು ಹೆಸರು. ಮನೆಗೊಂದು ಸಣ್ಣದಿದೆ, ಕರಿಬೇವು, ಮಾತ್ರೆ, ಮದುವೆಯ ಕಾರ್ಡು ಒಯ್ಯುತ್ತದೆ. ಎರಡು ಕಿಲೋ ಹೊರುವುದು ಊರಿಗೆಲ್ಲ ಸೇರಿದ ಒಂದೇ ಒಂದು. ಅದು ದೊಡ್ಡಗಾಡಿ. ಅದನ್ನು ಇಪ್ಪತ್ತೆರಡು ವರ್ಷದಿಂದ ಓಡಿಸುತ್ತಿದ್ದವರು ಇಮಾಮಸಾಬರು. ನಾನು ಅವರನ್ನು ಕಾಕಾ ಅನ್ನುತ್ತೇನೆ.

ನನ್ನದು ಹೊಲಿಗೆ ಯಂತ್ರ ರಿಪೇರಿಯ ಅಂಗಡಿ. ಅಪ್ಪನಿಂದ ಬಂದದ್ದು. ಅವನ ಕಾಲದ ಒಂದು ಸಣ್ಣ ಲೇತ್ ಮಶೀನು ಇದೆ. ಅದರಲ್ಲಿ ಗಾಡಿಯ ಹಲ್ಲಿನ ಚಕ್ರಗಳನ್ನೂ ಕಡಿಯಲು ಕಲಿತೆ. ಹೀಗಾಗಿ ದೊಡ್ಡಗಾಡಿಯ ಹೊಟ್ಟೆಯೊಳಗೆ ಇರುವುದೆಲ್ಲ ನನ್ನ ಕೈಯದು ಎಂದು ಊರು ತಿಳಿದಿತ್ತು. ನಡೆಯುತ್ತಿದ್ದಷ್ಟು ದಿನ ಅದು ನನಗೆ ಹೆಮ್ಮೆಯೇ ಆಗಿತ್ತು.

ಆ ವರ್ಷ ದೀಪಾವಳಿ ಕಳೆದ ಮೇಲೆ ಗಾಡಿ ನಿಲ್ಲತೊಡಗಿತು. ಮೊದಲ ಸಲ ಬಂಡೆಯ ಅರ್ಧಕ್ಕೆ ನಿಂತಾಗ ಮೂರು ಸಣ್ಣ ಗಾಡಿಗಳಿಗೆ ಕೊಕ್ಕೆ ಕಟ್ಟಿ ಎಳೆದು ತಂದರು. ಬಿಚ್ಚಿ ನೋಡಿದರೆ ಒಳಗಿನ ಗೇರಿನ ನಾಲ್ಕು ಹಲ್ಲು ಹೋಗಿದ್ದವು. ಅದು ಕಂಪನಿಯಿಂದ ಬಂದ ಗಟ್ಟಿ ಪ್ಲಾಸ್ಟಿಕ್ಕಿನದು, ಹಳೆಯದಾಗಿತ್ತು. ಹಿತ್ತಾಳೆಯದನ್ನು ಕಡಿದು ಹಾಕಿದೆ. ಹದಿನೈದು ದಿನಕ್ಕೆ ಅದರ ಹಲ್ಲೂ ಹೋಯಿತು. ಉಕ್ಕಿನದನ್ನು ಮಾಡಿದೆ. ಈ ಸಲ ಗೇರು ಉಳಿಯಿತು, ಚಕ್ರಕ್ಕೆ ಹೋಗುವ ಆಕ್ಸಲ್ ತುಂಡಾಯಿತು. ದಪ್ಪನೆಯ ಆಕ್ಸಲ್ ಹಾಕಿದೆ. ಆಗ ನಡುವಿನ ಶಾಫ್ಟಿನ ಜಾಯಿಂಟು ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಂಡಿತು. ಒಂದನ್ನು ಗಟ್ಟಿ ಮಾಡಿದರೆ ಏಟು ಅದರ ಪಕ್ಕದ್ದಕ್ಕೆ ಹೋಗುತ್ತಿತ್ತು. ನಾನು ಅದರ ಹಿಂದೆ ಹಿಂದೆ ಓಡುತ್ತಿದ್ದೆ.

ಮೇಲೆ ಹೋಗುವ ಸಾಮಾನು ನೋಡಿಕೊಳ್ಳಲು ನಮ್ಮಲ್ಲೊಂದು ಕಮಿಟಿ ಇದೆ. ಅದರ ಹಿರಿಯ ವಿರುಪಣ್ಣ, ಕಾಳಿನ ಅಂಗಡಿಯವನು. ಸಂಕ್ರಾಂತಿ ಮುಂದೆ ಬಂಡೆಬುಡದ ಚಾವಡಿಗೆ ನನ್ನನ್ನು ಕರೆಸಿದ. ಹತ್ತು ಹನ್ನೆರಡು ಜನ ಕೂತಿದ್ದರು. ಕಾಕಾ ಕಂಬಕ್ಕೆ ಒರಗಿ, ಕೈ ಎರಡನ್ನೂ ಟವೆಲಿನ ಒಳಗೆ ಇಟ್ಟುಕೊಂಡು ಕೂತಿದ್ದರು.

"ಕಸ್ತೂರಿ, ನಿಮ್ಮಪ್ಪ ಒಂದ್ ಸಲ ಮಶೀನು ಮುಟ್ಟಿದ್ರ ಹತ್ತು ವರ್ಷ ಅದು ತಕರಾರು ಮಾಡ್ತಿರಲಿಲ್ಲ," ಎಂದ ವಿರುಪಣ್ಣ. ಮೆಲ್ಲಗೇ ಹೇಳಿದ. "ನೀ ಹಾಕಿದ್ದು ಹದಿನೈದು ದಿನ ಬಾಳಾಕತ್ತಿಲ್ಲ. ಸಿಟ್ಟಾಗಬ್ಯಾಡ. ಇನ್ನ ಮುಂದ ಎಲ್ಲಾ ಹೊರಗಿಂದ ತರಸೋಣು ಅಂತ ವಿಚಾರ ಮಾಡೀವಿ."

ನಾನು ಸಮಾಧಾನದ ಒಂದು ಮಾತಿಗಾಗಿ ಕಾಕಾನ ಕಡೆ ನೋಡಿದೆ. ಗಾಡಿಯ ಬಗ್ಗೆ ಅವರು ಹೇಳಿದ್ದಕ್ಕೆ ಊರಿನಲ್ಲಿ ಎದುರು ಮಾತಿಲ್ಲ. ಕಸ್ತೂರಿ ಕೆಲಸ ಚಲೋ ಐತಿ ಎಂದು ಅವರು ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅವರು ನೆಲ ನೋಡುತ್ತ ಕೂತರು. "ತಿಂಗಳು ದಿನ ಕೊಡ್ರಿ," ಎಂದು ಹೇಳಿ ಎದ್ದು ಬಂದೆ. ದಾರಿಯಲ್ಲಿ ಕಣ್ಣು ತುಂಬಿದ್ದು ಮುರಿದ ಗೇರಿಗಲ್ಲ, ಕಾಕಾ ಬಾಯಿ ಬಿಡದ್ದಕ್ಕೆ.

ಅಂಗಡಿಗೆ ಬಂದು ಅಷ್ಟೂ ದಿನದ ಮುರಿದ ತುಂಡುಗಳನ್ನು ಬಿಳಿ ಬಟ್ಟೆಯ ಮೇಲೆ ಹರವಿದೆ. ಹೊಲಿಗೆ ಯಂತ್ರಗಳಲ್ಲಿ ಸವೆದ ಹಲ್ಲುಗಳನ್ನು ಎಷ್ಟೋ ನೋಡಿದ್ದೇನೆ. ಅವು ನುಣ್ಣಗಿರುತ್ತವೆ, ಮೂಲೆ ಕರಗಿರುತ್ತದೆ. ಇಲ್ಲಿ ಒಂದೂ ಸವೆದಿರಲಿಲ್ಲ. ಬುಡದಿಂದ ಕಿತ್ತು ಬಂದಿದ್ದವು. ಮುರಿದ ಜಾಗ ಸಕ್ಕರೆಯ ಹಾಗೆ ಹೊಳೆಯುತ್ತಿತ್ತು. ಭಾರಕ್ಕೆ ಮುರಿದದ್ದಲ್ಲ, ಏಟಿಗೆ ಮುರಿದದ್ದು. ನಿಂತ ಚಕ್ರಕ್ಕೆ ಯಾರೋ ಗಕ್ಕನೆ ಪೂರ್ತಿ ಬಲ ಕೊಟ್ಟಿದ್ದರು. ಗಾಡಿಗೆ ಬಲ ಕೊಡುವವರು ಊರಿನಲ್ಲಿ ಒಬ್ಬರೇ ಇದ್ದರು.

ಮಾರನೇ ದಿನ ಮಧ್ಯಾಹ್ನ ಕಾಕಾ ಗಾಡಿ ಬಿಡುವ ಹೊತ್ತಿಗೆ ಬಂಡೆಯ ಬುಡಕ್ಕೆ ಹೋಗಿ ಅವರ ಹಿಂದೆ ನಿಂತೆ. ರಿಮೋಟು ಪಿಸ್ತೂಲಿನ ಆಕಾರದ್ದು. ಎಡಗೈಯಲ್ಲಿ ಹಿಡಿ, ಎಡಗೈ ತೋರುಬೆರಳು ಕುದುರೆಯ, ಅಂದರೆ ಟ್ರಿಗರಿನ, ಮೇಲೆ. ಬಲಗೈಯಲ್ಲಿ ಒಂದು ಸಣ್ಣ ಚಕ್ರ ತಿರುಗಿಸಿದರೆ ಗಾಡಿ ಅತ್ತಿತ್ತ ಹೊರಳುತ್ತದೆ. ಕುದುರೆ ಒತ್ತಿದಷ್ಟು ಬಲ. ಮೊದಲೆಲ್ಲ ಕಾಕಾನ ಗಾಡಿ ಕಲ್ಲಿನ ಹತ್ತಿರ ಬಂದು ಮೂಸುವಂತೆ ನಿಲ್ಲುತ್ತಿತ್ತು. ಆಮೇಲೆ ಹಾಲು ಕೆನೆಗಟ್ಟಿದಷ್ಟು ನಿಧಾನಕ್ಕೆ ಏರುತ್ತಿತ್ತು. ಆ ದಿನ ಅದು ನಿಂತಿತು, ಹೊರಟಿತು, ನಡುವೆ ಒಮ್ಮೆ ಜಿಗಿಯಿತು. ನಾನು ಬೆರಳು ನೋಡಿದೆ. ತೆಂಗಿನ ಗರಿಯ ತುದಿಯ ಹಾಗೆ ಅಲುಗುತ್ತಿತ್ತು. ಕಾಕಾ ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು ಅದನ್ನು ನಿಲ್ಲಿಸಲು ನೋಡುತ್ತಿದ್ದರು. ನಾನು ಬಂದದ್ದು ಅವರಿಗೆ ಗೊತ್ತಾಗಲಿಲ್ಲ. ಹಾಗೇ ಹಿಂದಿರುಗಿದೆ.

ಅಂದೇ ಸಂಜೆ ಮ್ಯಾಲಿನೋಣಿಯಿಂದ ಸಾವಂತ್ರೆವ್ವನ ಫೋನು ಬಂತು. ಬಂಡೆಯ ಮುಕ್ಕಾಲಿಗೆ ಒಂದು ಕಲ್ಲು ಚಾಚಿಕೊಂಡಿದೆ, ಅದಕ್ಕೆ ಮೂಗು ಅನ್ನುತ್ತೇವೆ. ಕಾಕಾನ ರಿಮೋಟು ಕೆಲಸ ಮಾಡುವುದು ಮೂಗಿನ ನೆತ್ತಿಯ ತನಕ ಮಾತ್ರ. ಅಲ್ಲಿಂದ ಮುಂದೆ ಸಾವಂತ್ರೆವ್ವ ತನ್ನ ರಿಮೋಟಿನಿಂದ ಗಾಡಿಯನ್ನು ಮೇಲಕ್ಕೆ ಕರೆದುಕೊಳ್ಳುತ್ತಾಳೆ. ಇಪ್ಪತ್ತೆರಡು ವರ್ಷದಿಂದ ಇಬ್ಬರೂ ದಿನಾ ಫೋನಿನಲ್ಲಿ ಮಾತಾಡಿಕೊಂಡು ಗಾಡಿ ದಾಟಿಸಿದವರು. ಅವಳ ಗಂಡ ತೀರಿಕೊಂಡಾಗ ಮೊದಲು ಗೊತ್ತಾದದ್ದು ಕಾಕಾಗೆ; ಕಾಕಾನ ಹೆಂಡತಿ ಹೋದಾಗ ಮೊದಲು ಅತ್ತದ್ದು ಅವಳು.

"ಕಸ್ತೂರಿ, ನಿನ್ನ ಮ್ಯಾಲ ಮಾತು ಬಂತಂತ," ಎಂದಳು. "ತಪ್ಪು ನಿಂದಲ್ಲ ಅನ್ನೂದು ನನಗ ಗೊತ್ತೈತಿ. ಸಾಬ್ರ ಕೈ ಮೊದಲಿನಂಗಿಲ್ಲ. ಮೋಟರಿನ ದನಿ ಕೇಳಿದ್ರ ತಿಳೀತೈತಿ. ಆರು ತಿಂಗಳಾತು, ನಡುನಡುವ ಬಿಕ್ಕಿದಂಗ ಬರ್ತೈತಿ."

"ಅವರನ್ನ ಕೇಳಿದ್ರೇನಕ್ಕಾ?"

"ಹೆಂಗ ಕೇಳ್ಲಿ? ಕೇಳಿದ್ರ ನಾಳೆ ರಿಮೋಟು ಕೆಳಗಿಟ್ಟು ಹೋಗ್ತಾರ. ಆ ಗಾಡಿ ಬಿಟ್ರ ಅವರಿಗೇನೈತಿ? ಗಾಡಿಯೊಳಗ ಏನಾರ ಮಾಡಾಕ ಬರ್ತೈತೇನು, ನೋಡವ್ವ."

ನಾಲ್ಕು ದಿನ ಅದೇ ತಲೆಯಲ್ಲಿತ್ತು. ಐದನೇ ದಿನ ಶಾಲೆಯ ಟೀಚರೊಬ್ಬರ ಹೊಲಿಗೆ ಯಂತ್ರ ರಿಪೇರಿಗೆ ಬಂತು. ದಾರ ಹರಿಯುತ್ತಿದೆ ಎಂದರು. ಯಂತ್ರದ ಎದುರುಗಡೆ ಎರಡು ಸಣ್ಣ ಬಿಲ್ಲೆಗಳಿರುತ್ತವೆ. ಅವುಗಳ ನಡುವೆ ದಾರ ಹಾಯುತ್ತದೆ, ಮೇಲೊಂದು ಸ್ಪ್ರಿಂಗು, ಅದರ ಮೇಲೆ ನಟ್ಟು. ನಟ್ಟು ಬಿಗಿಯಾದರೆ ದಾರ ಹರಿಯುತ್ತದೆ, ಸಡಿಲಾದರೆ ಹೊಲಿಗೆ ಗಂಟುಗಂಟಾಗುತ್ತದೆ. ಸರಿಯಾಗಿದ್ದರೆ ಎಳೆತ ಬಂದಾಗ ದಾರ ಜಾರುತ್ತದೆ, ಹರಿಯುವುದಿಲ್ಲ. ನಟ್ಟನ್ನು ಸಡಿಲಿಸುತ್ತ ಸಡಿಲಿಸುತ್ತ ನನ್ನ ಕೈ ಅಲ್ಲೇ ನಿಂತಿತು. ಇಷ್ಟು ದಿನ ನಾನು ಗಾಡಿಯೊಳಗೆ ಗಟ್ಟಿ ಇರುವುದನ್ನೇ ತುಂಬುತ್ತಿದ್ದೆ. ಬಿಟ್ಟುಕೊಡುವಂಥದ್ದು ಒಂದನ್ನೂ ಇಟ್ಟಿರಲಿಲ್ಲ.

ಅಪ್ಪನ ಹಳೆಯ ಸೊಂಟದ ಬೆಲ್ಟಿನಿಂದ ಚರ್ಮದ ಎರಡು ಬಿಲ್ಲೆ ಕತ್ತರಿಸಿದೆ. ಮೋಟರಿಗೂ ಗೇರಿಗೂ ನಡುವೆ ಅವನ್ನು ಕೂರಿಸಿ, ಸ್ಪ್ರಿಂಗು ಹಾಕಿ, ನಟ್ಟು ಕೊಟ್ಟೆ. ಮೆಲ್ಲಗೆ ಬಲ ಬಂದರೆ ಚರ್ಮ ಹಿಡಿದುಕೊಳ್ಳುತ್ತದೆ. ಗಕ್ಕನೆ ಬಂದರೆ ಒಂದಿಷ್ಟು ಜಾರುತ್ತದೆ, ಹಲ್ಲಿಗೆ ಏಟು ಮುಟ್ಟುವುದಿಲ್ಲ. ಗೇರು ಬದಲಿಸಿದ್ದೇನೆ ಎಂದಷ್ಟೇ ಹೇಳಿ ಕಾಕಾಗೆ ಗಾಡಿ ಕೊಟ್ಟೆ.

ಹನ್ನೆರಡು ದಿನ ಏನೂ ಮುರಿಯಲಿಲ್ಲ. ವಿರುಪಣ್ಣ ಅಂಗಡಿಯ ಮುಂದೆ ಹಾದು ಹೋಗುವಾಗ ಸೈಕಲ್ಲು ನಿಲ್ಲಿಸಿ, "ಈಗ ನೋಡು, ನಿಮ್ಮಪ್ಪನ ಮಗಳು ಅನ್ನಿಸಿದಿ," ಎಂದ. ಹದಿಮೂರನೇ ದಿನ ಕಾಕಾ ಬಂದು ಗಾಡಿಯನ್ನು ನನ್ನ ಮೇಜಿನ ಮೇಲಿಟ್ಟರು.

"ಇದರೊಳಗ ಏನ್ ಇಟ್ಟಿ?"

"ಯಾಕ ಕಾಕಾ?"

"ಮಾತು ತಡಾಗಿ ಕೇಳಾಕತ್ತೈತಿ. ಇಪ್ಪತ್ತೆರಡು ವರ್ಷ ಓಡಿಸೇನಿ, ನನಗ ತಿಳಿಯಂಗಿಲ್ಲೇನು? ನಾ ಒತ್ತಿದ್ದೊಂದು, ಅದಕ್ಕ ಹೋಗೂದೊಂದು. ನಡುವ ಯಾರೋ ಕುಂತು ನನ್ನ ಮಾತು ತಿದ್ದಿದಂಗ ಆಗ್ತೈತಿ."

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಗಾಡಿ ಬಿಚ್ಚಿ ಚರ್ಮದ ಬಿಲ್ಲೆ ತೋರಿಸಿದೆ. ಕಾಕಾ ಅದನ್ನು ಕೈಗೆ ತೆಗೆದುಕೊಂಡರು. ಅವರ ಬೆರಳುಗಳ ನಡುವೆ ಅದು ಸಣ್ಣಗೆ ನಡುಗಿತು. ಮುಚ್ಚಿಡಲು ಹೋಗಲಿಲ್ಲ. ಗಿರಾಕಿಗಳ ಸ್ಟೂಲಿನ ಮೇಲೆ ಕೂತರು.

"ಯಾರ್‍ಯಾರಿಗೆ ಗೊತ್ತೈತಿ?"

"ನನಗ, ಸಾವಂತ್ರಕ್ಕಗ. ಬ್ಯಾರೆ ಯಾರಿಗೂ ಇಲ್ಲ."

"ಅಕಿಗೂ ಗೊತ್ತೈತಿ." ಹಾಗೆನ್ನುತ್ತ ಕಾಕಾನ ಮುಖ ಸಣ್ಣದಾಯಿತು. "ನಂಗ ಒಂದು ವರ್ಷದಿಂದ ಗೊತ್ತೈತಿ. ಮೊದಲು ಚಳಿ ಅಂದ್ಕೊಂಡೆ. ಆಮ್ಯಾಲೆ ಬ್ಯಾಸಿಗಿ ಬಂತು."

ನಾನು ಕೇಳಬಾರದೆಂದುಕೊಂಡಿದ್ದನ್ನು ಕೇಳಿದೆ. "ಆ ದಿನ ಚಾವಡಿಯೊಳಗ ನನ್ನ ಮ್ಯಾಲ ಬಂದಾಗ ಸುಮ್ನ ಕುಂತ್ರಲ್ಲ ಕಾಕಾ."

ಅವರು ಬಿಲ್ಲೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ರಿಮೋಟು ಕೊಟ್ಟಿಂದ ನನಗ ಯಾರ್ ಫೋನ್ ಮಾಡ್ತಾರ, ಕಸ್ತೂರಿ?" ಎಂದರು. ಆಮೇಲೆ ಎದ್ದು, "ಬಿಲ್ಲಿ ಹಂಗ ಇರ್ಲಿ. ನಾ ಆಗಿ ಹೇಳೂತನಕ ಯಾರಿಗೂ ಹೇಳಬ್ಯಾಡ," ಎಂದು ಹೇಳಿ ಗಾಡಿ ಎತ್ತಿಕೊಂಡು ಹೋದರು. ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ.

ಶಿವರಾತ್ರಿ ಮುಗಿದ ವಾರ ಮ್ಯಾಲಿನೋಣಿಯ ಕೊಳವೆಬಾವಿಯ ಪಂಪು ಕೆಟ್ಟಿತು. ಅವರಿಗಿರುವುದು ಅದೊಂದೇ. ಮೊದಲ ದಿನ ಕೊಡಗಳಲ್ಲಿದ್ದ ನೀರು ನಡೆಯಿತು, ಎರಡನೇ ದಿನ ಬಂಡೆಯ ಗುಂಡಿಗಳ ನೀರು ಸೋಸಿ ಕುಡಿದರು. ಮೂರನೇ ದಿನದಿಂದ ಊರಿನ ಸಣ್ಣ ಗಾಡಿಗಳೆಲ್ಲ ಕಾಲು ಲೀಟರಿನ ನೀರಿನ ಪಾಕೀಟು ಹೊತ್ತು ಇರುವೆ ಸಾಲಿನ ಹಾಗೆ ಬಂಡೆ ಹತ್ತತೊಡಗಿದವು. ಹೆಂಗಸರು ಒಲೆಯ ಮೇಲಿನ ಸಾರು ಬಿಟ್ಟು ಬಂದು ರಿಮೋಟು ಹಿಡಿದರು. ಆದರೂ ನಲವತ್ತೊಂದು ಮನೆಗೆ ಅದು ಎಷ್ಟಾದೀತು? ನಾಲ್ಕನೇ ದಿನ ಪಂಪಿನ ಒಳಗೆ ತಿರುಗುವ ಭಾಗ ಬಸ್ಸಿನಲ್ಲಿ ಬಂತು. ಹಿತ್ತಾಳೆಯ ಬಟ್ಟಲುಗಳನ್ನು ಒಂದೇ ಕಡ್ಡಿಗೆ ಕೂಡಿಸಿದ್ದು. ಬಿಡಿಸಿ ಕಳಿಸುವ ಹಾಗಿರಲಿಲ್ಲ. ತಕ್ಕಡಿಯಲ್ಲಿ ಇಟ್ಟರೆ ಎರಡೂಮುಕ್ಕಾಲು ಕಿಲೋ, ದೊಡ್ಡಗಾಡಿ ಹೊರುವುದಕ್ಕಿಂತ ಮುಕ್ಕಾಲು ಕಿಲೋ ಹೆಚ್ಚು.

ಕಾಕಾ ಅದನ್ನು ಗಾಡಿಗೆ ಕಟ್ಟಿ ಬಿಟ್ಟರು. ಮೂಗಿನ ತನಕ ನಿಧಾನವಾಗಿ ಹೋಯಿತು. ಅಲ್ಲಿ ಮುಂದಿನ ಚಕ್ರ ಎರಡೂ ಮೇಲೆದ್ದವು, ಮೋಟರು ಕೂಗಿತು, ಗಾಡಿ ಮಾತ್ರ ಏರಲಿಲ್ಲ. ಚರ್ಮ ಜಾರುತ್ತಿತ್ತು. ಒಂದು ಗೇಣು ಹಿಂದಕ್ಕೆ ಬಂದು, ಎಡಗಡೆಯ ಕೊರಕಲಿನ ಅಂಚಿಗೆ ಒಂದು ಚಕ್ರ ತಾಗಿ ನಿಂತಿತು. ಆ ಕೊರಕಲಿಗೆ ಬಿದ್ದದ್ದು ಯಾವುದೂ ತಿರುಗಿ ಬಂದಿಲ್ಲ. ಸುತ್ತ ನಿಂತವರು ಉಸಿರು ಹಿಡಿದಿದ್ದರು. ಕಾಕಾ ಇಂಚಿಂಚು ಹಿಂದೆ ತಂದು ಗಾಡಿಯನ್ನು ಬುಡಕ್ಕೆ ಇಳಿಸಿದರು. ಅವರ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

"ಮತ್ತ ಕೆಟ್ಟಿತೇನು?" ಎಂದು ವಿರುಪಣ್ಣ ನನ್ನ ಕಡೆ ತಿರುಗಿದ. "ಇವತ್ತ, ಇದೇ ಹೊತ್ತಿನ್ಯಾಗ ಕೈ ಕೊಟ್ಟಿತಲ್ಲ ಕಸ್ತೂರಿ ನಿನ್ನ ಕೆಲಸ."

ನಟ್ಟು ಬಿಗಿ ಮಾಡಿದರೆ ಚರ್ಮ ಜಾರುವುದಿಲ್ಲ, ಗಾಡಿ ಏರುತ್ತದೆ. ಆದರೆ ಬೆರಳು ಒಂದೇ ಒಂದು ಸಲ ಜಿಗಿದರೂ ಇಷ್ಟು ಭಾರಕ್ಕೆ ಹಲ್ಲು ಕಿತ್ತು ಬರುತ್ತದೆ. ಮೂಗಿನ ಮೇಲೆ ಹಲ್ಲು ಹೋದರೆ ಗಾಡಿ, ಪಂಪಿನ ಸಾಮಾನು ಎರಡೂ ಕೊರಕಲಿಗೆ. ಇದನ್ನು ಹೇಗೆ ಹೇಳಲಿ ಎಂದು ನಾನು ಒದ್ದಾಡುತ್ತಿದ್ದಾಗ ಕಾಕಾ ಎದ್ದು ನಿಂತರು. ಟವೆಲು ತೆಗೆದು ಕಟ್ಟೆಯ ಮೇಲಿಟ್ಟು, ಎಡಗೈಯನ್ನು ಎಲ್ಲರಿಗೂ ಕಾಣುವ ಹಾಗೆ ಮುಂದಕ್ಕೆ ಚಾಚಿದರು.

"ವಿರುಪಣ್ಣ, ನನ್ನ ಕೈ ನೋಡು. ಎಲ್ಲಾರೂ ನೋಡ್ರಿ."

ನೂರು ಜನರ ಎದುರಿಗೆ ಆ ಕೈ ನಡುಗುತ್ತಿತ್ತು.

"ಒಂದು ವರ್ಷಾತು. ಹಲ್ಲು ಮುರದದ್ದು, ಆಕ್ಸಲ್ ಮುರದದ್ದು, ಎಲ್ಲಾ ಇದಾ ಬೆರಳಿನಿಂದ. ಈ ಹುಡುಗಿ ಗೇರು ಚಲೋ ಇದ್ವು. ಅಕಿ ಮ್ಯಾಲ ಮಾತು ಬಂದಾಗ ನಾ ಕೇಳ್ಕೋತ ಕುಂತಿದ್ದೆ. ಅದು ನನ್ನ ತಪ್ಪು. ಈಗ ಹೇಳಾಕತ್ತೀನಿ." ಆಮೇಲೆ ನನ್ನ ಕಡೆ ತಿರುಗಿ, "ನಟ್ಟು ಬಿಗಿ ಮಾಡವ್ವ," ಎಂದರು.

"ಮಾಡಿದ್ರ ಒತ್ತವರ್‍ಯಾರು ಕಾಕಾ?"

"ನೀ. ಹೊರಳಸಾಕ ನನ್ನ ಬಲಗೈ ಚಲೋ ಐತಿ. ಒತ್ತಾಕ ನಿನ್ನ ಬೆರಳು ಕೊಡು. ಸೂಜಿ ಹಿಡಿಯೂ ಕೈ ಅದು."

ನಾನು ಸಣ್ಣ ಗಾಡಿಯನ್ನೂ ನೆಟ್ಟಗೆ ಓಡಿಸಿದವಳಲ್ಲ. ಬೇಡ ಎನ್ನಲು ಬಾಯಿ ತೆರೆದೆ. ಮೇಲಿನ ಅಂಚಿನಲ್ಲಿ ಖಾಲಿ ಕೊಡ ಹಿಡಿದು ನಿಂತವರ ಸಾಲು ಕಂಡಿತು. ಗಾಡಿ ಬಿಚ್ಚಿ, ನಟ್ಟನ್ನು ಮುಕ್ಕಾಲು ಸುತ್ತು ಬಿಗಿದೆ. ಕಾಕಾ ಮೋಟರಿನ ದನಿ ಕೇಳಿ, "ಇನ್ನೊಂದು ಎಳ್ಳಷ್ಟು," ಎಂದರು. ಅಷ್ಟೇ ಬಿಗಿದೆ.

ರಿಮೋಟನ್ನು ಕಲ್ಲುಕಟ್ಟೆಯ ಮೇಲೆ ನಮ್ಮಿಬ್ಬರ ನಡುವೆ ಇಟ್ಟುಕೊಂಡೆವು. ಅವರ ಬಲಗೈ ಚಕ್ರದ ಮೇಲೆ, ನನ್ನ ಬೆರಳು ಕುದುರೆಯ ಮೇಲೆ. ಶುರುವಿನಲ್ಲಿ ನಾನು ಒತ್ತಿದ್ದಕ್ಕೆ ಗಾಡಿ ಮುಗ್ಗರಿಸಿತು. "ಒತ್ತಬ್ಯಾಡ," ಎಂದರು ಕಾಕಾ. "ಬರೇ ಒತ್ತಬೇಕು ಅಂತ ನೆನಸು, ಸಾಕು. ಬೆರಳಿಗೆ ತಾನಾ ತಿಳೀತೈತಿ." ಹಾಗೇ ಮಾಡಿದೆ. ಕಲ್ಲಿಂದ ಕಲ್ಲಿಗೆ ಗಾಡಿ ಹೊರಟಿತು. ನಾನು ಬಂಡೆ ನೋಡುತ್ತಿರಲಿಲ್ಲ, ಅವರ ದನಿಯನ್ನು ಕೇಳುತ್ತಿದ್ದೆ. ನೆನಸು, ಬಿಡು, ನೆನಸು, ಇನ್ನೊಂಚೂರು, ನಿಲ್ಲು. ಅವರು ಗಾಡಿಯ ಮೇಲಿಟ್ಟ ಕಣ್ಣು ತೆಗೆಯಲಿಲ್ಲ. ಒಂದು ಮಾತೂ ಗಡಬಡಿಸಿ ಆಡಲಿಲ್ಲ.

ಮೂಗಿನ ಕೆಳಗೆ ಗಾಡಿ ನಿಂತಿತು. "ಈಗ ಬಿಡೂಹಂಗಿಲ್ಲ," ಎಂದರು. "ಏನ ಸಪ್ಪಳ ಬರ್ಲಿ, ಬಿಡಬ್ಯಾಡ." ಮುಂದಿನ ಚಕ್ರ ಎದ್ದವು. ಹಿಂದಿನವು ಕಲ್ಲನ್ನು ಕಚ್ಚಿ ಒಮ್ಮೆ ಜಾರಿದವು, ಕಾಕಾ ರಿಮೋಟಿನ ಚಕ್ರವನ್ನು ಬಲಕ್ಕೆ ಕೂದಲೆಳೆಯಷ್ಟು ಹೊರಳಿಸಿದರು. ಮೋಟರು ನೋವು ಬಂದವರ ಹಾಗೆ ಉದ್ದಕ್ಕೆ ನರಳಿತು. ನನ್ನ ಬೆರಳು ಬಿಟ್ಟುಬಿಡು ಎನ್ನುತ್ತಿತ್ತು. ನಾನು ಬಿಡಲಿಲ್ಲ. ಗಾಡಿಯ ಹೊಟ್ಟೆ ಮೂಗಿನ ಅಂಚಿಗೆ ಉಜ್ಜಿ, ಹಿಂದಿನ ಎಡಚಕ್ರ ಗಾಳಿಯಲ್ಲಿ ತಿರುಗಿ, ಕೊನೆಗೆ ನಾಲ್ಕೂ ಚಕ್ರ ನೆತ್ತಿಯ ಮೇಲೆ ಕೂತವು.

"ಸಾವಂತ್ರೆವ್ವ, ನಿನಗ ಕೊಟ್ಟೆ," ಎಂದರು ಕಾಕಾ ಫೋನಿಗೆ.

"ಹಿಡದೆ ಸಾಬ್ರ."

ಆಮೇಲೆ ಕಾಕಾ ಅವಳ ಜೊತೆ ಎಡಕ್ಕೆ ಬಲಕ್ಕೆ ಎಂದು ಮಾತಾಡುತ್ತ ಇದ್ದರು. ನನಗೆ ಅದರ ಕಡೆ ಗಮನವಿರಲಿಲ್ಲ. ಬೆರಳು ಮಡಿಸಲು ಬರದಷ್ಟು ಸೆಟೆದಿತ್ತು. ಗಾಡಿ ಮೇಲಿನ ಅಂಚು ದಾಟಿದಾಗ ಕೊಡಗಳನ್ನು ಬಡಿಯುವ ಸದ್ದು ಬಂತು. ವಿರುಪಣ್ಣ ಬಂದು ಎದುರಿಗೆ ನಿಂತು, ಕಟ್ಟೆಯ ಮೇಲಿದ್ದ ಟವೆಲನ್ನು ಎತ್ತಿ, ಕೊಡವಿ, ಕಾಕಾನ ಹೆಗಲ ಮೇಲೆ ಹಾಕಿದ. ಮಾರನೇ ದಿನ ಹನ್ನೊಂದು ಗಂಟೆಗೆ ಸಾವಂತ್ರೆವ್ವ ಫೋನನ್ನು ಪೈಪಿನ ಬಾಯಿಗೆ ಹಿಡಿದು ನಮಗೆ ನೀರಿನ ಸಪ್ಪಳ ಕೇಳಿಸಿದಳು.

ಅಂದಿನಿಂದ ದೊಡ್ಡಗಾಡಿಗೆ ನಾವಿಬ್ಬರು. ಮಧ್ಯಾಹ್ನ ಒಂದು ತಾಸು ಅಂಗಡಿ ಮುಚ್ಚಿ ಹೋಗುತ್ತೇನೆ. ಗಾಡಿ ಮೇಲೆ ಮುಟ್ಟಿದ ಮೂರನೇ ದಿನ ಕಾಕಾ ಅಂಗಡಿಯಲ್ಲಿ ಕೂತಿದ್ದಾಗ ಸಾವಂತ್ರೆವ್ವನ ಫೋನು ಬಂತು. ಅವರು ಅದನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದರು.

"ಸಾಬ್ರ, ನಂದೂ ಒಂದು ಮಾತೈತಿ," ಎಂದಳು. "ನೀವು ಅಷ್ಟು ಜನರ ಮುಂದ ಹೇಳಿದ್ರಿ. ಕೇಳಿದಾಗಿಂದ ನನಗ ನಿದ್ದಿ ಹತ್ತವಲ್ದು. ನನ್ನ ಕಣ್ಣಿಗೆ ಮಂಜು ಕವಿದು ಎರಡು ವರ್ಷಾತು. ಗಾಡಿ ಕರೀದು ಕಾಣ್ತೈತಿ, ಬಂಡೆನೂ ಕರೀದ ಕಾಣ್ತೈತಿ. ಗಾಡಿ ದಾಟಿಂದ ನೀವು ಮಾತಾಡ್ಕೋತ ಇರ್ತೀರಲ್ಲ, ಎಡಕ್ಕ ಕಲ್ಲೈತಿ, ಬಲಕ್ಕ ತಗೋ ಅಂತ, ಅದನ್ನ ಕೇಳಿ ಹೊರಳಸ್ತಿದ್ದೆ. ಪಂಪಿನ ಸಾಮಾನೂ ಹಂಗ ತಂದೆ."

ಕಾಕಾ ಬಾಯಿ ತೆರೆದು ನನ್ನ ಕಡೆ ನೋಡಿದರು. ನನ್ನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಹಾಗೇ ನಿಂತಿತ್ತು.

"ಕನ್ನಡಕ ಕಳಸ್ಲೇನು?" ಎಂದರು.

"ಕನ್ನಡಕಕ್ಕ ಹೋಗೂದಲ್ಲಂತ ಇದು. ಡಾಕ್ಟರ್ ಕೈ ಹಚ್ಚಬೇಕಂತ. ಗಾಡಿಯೊಳಗ ಡಾಕ್ಟರನ್ನ ಕಳಸಾಕ ಬರಂಗಿಲ್ಲಲ್ಲ ಸಾಬ್ರ." ಅವಳ ದನಿಯಲ್ಲಿ ಅಳು ಇರಲಿಲ್ಲ.

"ನಿನ್ನ ಸೊಸಿ ಕಣ್ಣು ಚುರುಕದಾವಂತ ನೀನಾ ಹೇಳ್ತಿದ್ದಿ."

"ಅದಾವ. ಅಕಿಗೂ ಹೇಳಿಲ್ಲ."

"ನಾಳಿಂದ ಅಕಿನ್ನ ಬಾಜೂಕ ಕೂರಿಸ್ಕೋ. ಅಕಿ ನೋಡ್ಲಿ, ನೀ ಒತ್ತು." ಕಾಕಾ ನಡುಗುವ ಎಡಗೈಯನ್ನು ಮೇಜಿನ ಮೇಲೆ ಫೋನಿನ ಪಕ್ಕದಲ್ಲಿ ಹಾಗೇ ಇಟ್ಟಿದ್ದರು. "ನಾಚಿಕಿ ಆಗ್ತೈತಿ, ಸುಳ್ಳು ಹೇಳಂಗಿಲ್ಲ. ಮೊದಲ ಎರಡು ದಿನ ಬಾಳ ಆಗ್ತೈತಿ. ಮೂರನೇ ದಿನಕ್ಕ ಹೋಗ್ತೈತಿ."

"ನಿಮ್ದು ಹೋತೇನು?"

"ಇವತ್ತ ಮೂರನೇದು," ಎಂದರು ಕಾಕಾ. "ಸಂಜೀತನಕ ನೋಡಿ ಹೇಳ್ತೀನಿ."